ಮಾತ್ರೆಗೂ ಒಂದು ಏಕಾದಶಿ

ವೈಕುಂಠ ಏಕಾದಶಿಯ ದಿನ. ಧನುರ್ಮಾಸದ ಚಳಿಗೆ ಊರಿಗೆ ಊರೇ ಶಾಲು ಹೊದ್ದಿತ್ತು. ದೇವಸ್ಥಾನದ ಸಾಲಿನಲ್ಲಿ ಬೆಳಗಿನ ಜಾವದಿಂದ ನಿಂತು ಬಂದ ನಮ್ಮ ದೊಡ್ಡಮ್ಮ ಮಾತ್ರ ಜಗಲಿಯ ಮೇಲೆ ಕುಸಿದು ಕೂತಾಗ ಅವರ ರವಿಕೆ ಬೆವರಿನಲ್ಲಿ ತೊಯ್ದು ಹೋಗಿತ್ತು. ನೀರು ಕೊಟ್ಟರೆ ಲೋಟ ಹಿಡಿಯಲಾಗದಷ್ಟು ಕೈ ನಡುಕ. ಸ್ವಲ್ಪ ಹೊತ್ತಿಗೆ ಮಾತು ತೊದಲಿತು. ಎದುರಿಗಿದ್ದ ಸೊಸೆಯನ್ನು, ತೀರಿಹೋಗಿ ಎಷ್ಟೋ ವರ್ಷವಾದ ತಂಗಿಯ ಹೆಸರು ಹಿಡಿದು ಕರೆದರು. ಪಕ್ಕದ ಮನೆಯವರು ‘ದೃಷ್ಟಿ ಆಗಿರ್ಬೇಕು’ ಎಂದು ಉಪ್ಪು, ಮೆಣಸಿನಕಾಯಿ ತಂದು ನಿವಾಳಿಸಿದರು. ಇನ್ಯಾರೋ ಬಿ.ಪಿ. ಎಂದರು. ಬೀರುವಿನಲ್ಲಿ ಧೂಳು ಹಿಡಿದಿದ್ದ ಗ್ಲೂಕೋಮೀಟರ್ ನಮ್ಮಣ್ಣನಿಗೆ ನೆನಪಾಗುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಬೆರಳು ಚುಚ್ಚಿ ನೋಡಿದರೆ 48.

ಸಕ್ಕರೆ ನೀರು ಕುಡಿಸಿದರು. ಕಾಲು ಗಂಟೆ ಬಿಟ್ಟು ನೋಡಿದರೆ 53. ಇನ್ನೊಂದು ಲೋಟ ಕುಡಿಸಿ, ಕಾರಿನಲ್ಲಿ ಮಲಗಿಸಿಕೊಂಡು ತಾಲ್ಲೂಕು ಕೇಂದ್ರಕ್ಕೆ ಓಡಿದರು. ಡ್ರಿಪ್ ಹಾಕಿದ ಮೇಲೆ ದೊಡ್ಡಮ್ಮ ಕಣ್ಣರಳಿಸಿ ‘ಇದ್ಯಾಕೆ ಇಲ್ಲಿಗೆ ಕರ್ಕೊಂಡ್ ಬಂದ್ರಿ, ತೀರ್ಥ ತಗೊಳ್ಳೋದಿತ್ತಲ್ಲ’ ಎಂದರಂತೆ. ವೈದ್ಯರು ಕೇಳಿದ್ದು ಎರಡೇ ಪ್ರಶ್ನೆ. ಬೆಳಗ್ಗೆ ಮಾತ್ರೆ ತಗೊಂಡ್ರಾ? ತಿಂಡಿ ತಿಂದ್ರಾ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ. ‘ಮಾತ್ರೆ ಒಂದಿನಾನೂ ನಾಗಾ ಮಾಡ್ಬೇಡಿ ಅಂತ ನೀವೇ ಹೇಳಿದ್ರಲ್ಲ ಸ್ವಾಮಿ’ ಎಂದು ದೊಡ್ಡಮ್ಮನೇ ಮರುಪ್ರಶ್ನೆ ಹಾಕಿದರು. ವೈದ್ಯರ ಹತ್ತಿರ ಉತ್ತರವಿರಲಿಲ್ಲ. ಯಾಕೆಂದರೆ ಅವರು ಹಾಗೆ ಹೇಳಿದ್ದು ನಿಜ.

ನಾಗಾ ಮಾಡಬೇಡಿ ಎನ್ನುವುದು ಪೂರ್ತಿ ವಾಕ್ಯವಲ್ಲ, ಅರ್ಧ. ಊಟ ನಾಗಾ ಆದ ದಿನ ಏನು ಮಾಡಬೇಕು ಎನ್ನುವ ಉಳಿದರ್ಧವನ್ನು ನಮ್ಮ ಆಸ್ಪತ್ರೆಗಳ ಗಡಿಬಿಡಿಯಲ್ಲಿ ಹೇಳುವವರೂ ಕಡಿಮೆ, ಕೇಳುವವರೂ ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನಕ್ಕೆ ಮಧುಮೇಹವಿದೆ. ಇವರಲ್ಲಿ ಬಹುಪಾಲು ಎರಡನೇ ಬಗೆಯವರು. ಚಿಕಿತ್ಸೆಯಲ್ಲಿ ಇರುವವರಲ್ಲಿ ಹೆಚ್ಚಿನವರ ಒಡನಾಟ ಸೂಜಿಯ ಜೊತೆಗಲ್ಲ, ಮಾತ್ರೆಯ ಜೊತೆಗೆ. ಮಾತ್ರೆ ಎಂದರೆ ಇನ್ಸುಲಿನ್‌ನಷ್ಟು ಭಯವಿಲ್ಲ ಎಂದು ನಾವು ನಂಬಿಕೊಂಡಿದ್ದೇವೆ. ಕೆಲವು ಮಾತ್ರೆಗಳ ಮಟ್ಟಿಗೆ ಅದು ನಿಜ. ಇನ್ನು ಕೆಲವಕ್ಕೆ ಖಂಡಿತ ಅಲ್ಲ.

ಆಟೋ ಸ್ಟಾರ್ಟರ್ ಹಾಕಿದ ಮೋಟಾರು

ಮನೆಯಲ್ಲಿ ನಾವು ಎಲ್ಲವನ್ನೂ ‘ಶುಗರ್ ಮಾತ್ರೆ’ ಎಂದು ಒಂದೇ ಹೆಸರಿನಿಂದ ಕರೆದುಬಿಡುತ್ತೇವೆ. ಆದರೆ ಅವುಗಳ ಸ್ವಭಾವ ಬೇರೆ ಬೇರೆ. ಗ್ಲಿಮಿಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಎಂಬ ಹೆಸರಿನವೆಲ್ಲ ಸಲ್ಫೋನಿಲ್‌ಯೂರಿಯಾ ಎಂಬ ಒಂದೇ ಮನೆತನದವು. ಇವುಗಳ ಕೆಲಸ ಮೇದೋಜೀರಕ ಗ್ರಂಥಿಯನ್ನು ತಿವಿದು ಇನ್ಸುಲಿನ್ ಹೊರಡಿಸುವುದು. ಸಹಜವಾಗಿ ಆ ಗ್ರಂಥಿಯ ಬೀಟಾ ಕೋಶಗಳು ರಕ್ತದಲ್ಲಿ ಸಕ್ಕರೆ ಏರಿದಾಗ ತಮ್ಮ ಪೊಟ್ಯಾಸಿಯಂ ಬಾಗಿಲುಗಳನ್ನು ಮುಚ್ಚಿಕೊಳ್ಳುತ್ತವೆ; ಆ ಸುಳಿವಿನಿಂದ ಇನ್ಸುಲಿನ್ ಹೊರಬರುತ್ತದೆ. ಈ ಮಾತ್ರೆ ಸಕ್ಕರೆಗಾಗಿ ಕಾಯದೆ ತಾನೇ ಹೋಗಿ ಬಾಗಿಲು ಮುಚ್ಚುತ್ತದೆ. ನಮ್ಮ ಕಡೆಯ ಬೋರ್‌ವೆಲ್‌ಗಳಿಗೆ ಆಟೋ ಸ್ಟಾರ್ಟರ್ ಹಾಕಿರುತ್ತಾರಲ್ಲ, ಹಾಗೆ. ಕರೆಂಟು ಬಂತೆಂದರೆ ಮೋಟಾರು ಓಡಲೇಬೇಕು. ಗದ್ದೆಗೆ ನೀರು ಬೇಕೋ, ರಾತ್ರಿ ಮಳೆ ಬಂದು ತುಂಬಿದೆಯೋ, ಅದಕ್ಕೆ ಸಂಬಂಧವಿಲ್ಲ.

ಈ ಮನೆತನದ ಹುಟ್ಟಿನ ಕಥೆಯೇ ಹಸಿದ ಹೊಟ್ಟೆಗಳದ್ದು. 1942ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಫ್ರಾನ್ಸಿನ ಮಾಂಪೆಲಿಯೆ ನಗರದಲ್ಲಿ ಮಾರ್ಸೆಲ್ ಜಾನ್‌ಬೊಂ ಎಂಬ ವೈದ್ಯರು ಟೈಫಾಯ್ಡ್ ರೋಗಿಗಳಿಗೆ ಹೊಸದೊಂದು ಸಲ್ಫಾ ಔಷಧಿ ಕೊಟ್ಟು ನೋಡುತ್ತಿದ್ದರು. ಯುದ್ಧಕಾಲ, ಊಟಕ್ಕೆ ತತ್ವಾರ. ಔಷಧಿ ತೆಗೆದುಕೊಂಡ ಕೆಲವರು ಬೆವರಿ, ಸೆಟೆದು, ಪ್ರಜ್ಞೆ ತಪ್ಪಿದರು. ಕೆಲವರು ಉಳಿಯಲಿಲ್ಲ. ಅವರ ರಕ್ತದಲ್ಲಿ ಸಕ್ಕರೆ ಪಾತಾಳಕ್ಕಿಳಿದಿತ್ತು. ಅದೇ ಊರಿನ ಒಗ್ಯುಸ್ತ್ ಲುಬಾತಿಯೇರ್ ನಾಯಿಗಳ ಮೇಲೆ ಪ್ರಯೋಗ ಮಾಡಿ, ಮೇದೋಜೀರಕ ಗ್ರಂಥಿ ತೆಗೆದ ನಾಯಿಯಲ್ಲಿ ಈ ಔಷಧಿ ಕೆಲಸ ಮಾಡುವುದಿಲ್ಲವೆಂದು ತೋರಿಸಿದರು. ಅಂದರೆ ಅದು ಇನ್ಸುಲಿನ್ ಮೂಲಕವೇ ಸಕ್ಕರೆ ಇಳಿಸುತ್ತದೆ. 1950ರ ದಶಕದಲ್ಲಿ ಇದೇ ಎಳೆಯಿಂದ ಸಕ್ಕರೆ ಕಾಯಿಲೆಯ ಮೊದಲ ಮಾತ್ರೆಗಳು ಬಂದವು. ಇಂದಿನ ಗ್ಲಿಮಿಪಿರೈಡ್ ಆ ವಂಶದ ಕಿರಿಯ ಕುಡಿ. ಹೊಟ್ಟೆಗಿಲ್ಲದವರ ಮೇಲೆ ಏನು ಮಾಡುತ್ತದೆ ಎಂಬುದನ್ನು ತೋರಿಸಿಯೇ ಜಗತ್ತಿಗೆ ಪರಿಚಯವಾದ ಮಾತ್ರೆಯನ್ನು ನಾವು ಉಪವಾಸದ ದಿನವೂ ನಿಷ್ಠೆಯಿಂದ ನುಂಗುತ್ತೇವೆ ಎನ್ನುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಉಪವಾಸವೇ ಆಗಬೇಕೆಂದಿಲ್ಲ. ನಮ್ಮ ಹಳ್ಳಿಮನೆಗಳ ಬೆಳಗನ್ನೇ ನೋಡಿ. ಆರು ಗಂಟೆಗೆ ಕಾಫಿ. ಮಾತ್ರೆ ಮರೆತುಹೋದೀತೆಂದು ಕಾಫಿಯ ಜೊತೆಗೇ ಬಾಯಿಗೆ. ಆಮೇಲೆ ಕೊಟ್ಟಿಗೆ, ಹಾಲು ಡೇರಿಗೆ, ಅಂಗಳ, ಸ್ನಾನ, ಪೂಜೆ. ರೊಟ್ಟಿ ತಟ್ಟೆಗೆ ಬರುವ ಹೊತ್ತಿಗೆ ಹತ್ತು ಗಂಟೆ. ಚೀಟಿಯಲ್ಲಿ ವೈದ್ಯರು ಬರೆದ ‘ತಿಂಡಿಗೆ ಮುಂಚೆ’ ಎಂಬುದು ಅಕ್ಷರಶಃ ಪಾಲನೆಯಾಗಿದೆ, ನಾಲ್ಕು ಗಂಟೆ ಮುಂಚೆ! ಗ್ಲಿಮಿಪಿರೈಡನ್ನು ತಿಂಡಿಗೆ ಕೂರುವ ಹೊತ್ತಿಗೆ ಅಥವಾ ತಿಂಡಿಯ ಜೊತೆ ತೆಗೆದುಕೊಳ್ಳಬೇಕು. ತಟ್ಟೆ ಎದುರಿಗೆ ಬಂದಿರಬೇಕು, ಆಗ ಮಾತ್ರೆ. ನಾಟಿಯ ದಿನಗಳಲ್ಲಿ, ಕೊಯ್ಲಿನ ದಿನಗಳಲ್ಲಿ ಮೈಮುರಿ ಕೆಲಸವೂ ಸೇರಿಕೊಂಡರೆ ಅದೇ ಡೋಸು, ಅದೇ ಊಟವಿದ್ದರೂ ಸಕ್ಕರೆ ಇನ್ನಷ್ಟು ಕೆಳಗಿಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ಮದ್ಯ ಕುಡಿದರಂತೂ ಸಕ್ಕರೆ ಬಿಡುಗಡೆ ಮಾಡುವ ಯಕೃತ್ತಿನ ಕೆಲಸಕ್ಕೇ ಕಲ್ಲು. ಕುಡಿದು ಮಲಗಿದ್ದಾನೆ ಎಂದು ಮನೆಯವರು ಸುಮ್ಮನಿರುತ್ತಾರೆ. ನಿಜದಲ್ಲಿ ಆತನ ಮೆದುಳು ಸಕ್ಕರೆಯಿಲ್ಲದೆ ಒದ್ದಾಡುತ್ತಿರಬಹುದು.

ಲೋ ಶುಗರ್ ಎಂದರೆ 70ಕ್ಕಿಂತ ಕೆಳಗೆ. ಬೆವರು, ನಡುಕ, ಎದೆ ಡವಡವ, ತಡೆಯಲಾಗದ ಹಸಿವು ಮೊದಲ ಸೂಚನೆಗಳು. ಅದೂ ದಾಟಿ 54ರ ಕೆಳಗೆ ಹೋದರೆ ಪೆಟ್ಟು ಮೆದುಳಿಗೆ. ಸಿಡುಕು, ತೊದಲು, ಅರಳುಮರುಳು. ಬಿ.ಪಿ.ಗೋ ಹೃದಯಕ್ಕೋ ಅಟೆನೊಲಾಲ್, ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ನಡುಕ, ಎದೆಬಡಿತ ಮರೆಯಾಗಿಬಿಡುತ್ತವೆ. ಬೆವರು ಮಾತ್ರ ಉಳಿಯುತ್ತದೆ. ಚಳಿಗಾಲದಲ್ಲಿ ಶುಗರ್ ರೋಗಿ ಬೆವರಿದರೆ ದೃಷ್ಟಿ ತೆಗೆಯುವ ಮುಂಚೆ ಬೆರಳು ಚುಚ್ಚಬೇಕು. ಮೀಟರ್ ಕೈಗೆ ಸಿಗದಿದ್ದರೆ ಲೋ ಶುಗರ್ ಎಂದೇ ತಿಳಿದು ಸಿಹಿ ಕೊಡಬೇಕು. 15 ಗ್ರಾಂ, ಅಂದರೆ ಸುಮಾರು ಮೂರು ತುಂಬು ಟೀ ಚಮಚ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಏರಿಲ್ಲವೆಂದರೆ ಮತ್ತೊಂದು ಸುತ್ತು. ಏರಿದ ಮೇಲೆ ಗಟ್ಟಿ ಆಹಾರ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಅದು ಶ್ವಾಸಕೋಶ ಸೇರುತ್ತದೆ. ಕೂಡಲೇ 108ಕ್ಕೆ ಫೋನ್.

ದೊಡ್ಡಮ್ಮ ಎಚ್ಚೆತ್ತ ಮೇಲೆ ಮನೆಗೆ ಹೊರಟಿದ್ದರು. ವೈದ್ಯರು ಬಿಡಲಿಲ್ಲ. ಈ ಮಾತ್ರೆಯ ಆಟ ಒಂದು ಲೋಟ ಗ್ಲೂಕೋಸಿಗೆ ಮುಗಿಯುವಂಥದ್ದಲ್ಲ. ಇಡೀ ದಿನ, ಮೂತ್ರಪಿಂಡ ದಣಿದಿದ್ದರೆ ಅದಕ್ಕೂ ಹೆಚ್ಚು ಹೊತ್ತು ಮೋಟಾರು ಓಡುತ್ತಲೇ ಇರುತ್ತದೆ. ಮಧ್ಯಾಹ್ನ ಏರಿದ ಸಕ್ಕರೆ ನಡುರಾತ್ರಿ ಮತ್ತೆ ಕುಸಿಯಬಹುದು. ಗ್ಲಿಬೆನ್‌ಕ್ಲಮೈಡ್ ಈ ವಿಷಯದಲ್ಲಿ ಇನ್ನೂ ಹಟಮಾರಿ. ಅದಕ್ಕೇ ವಯಸ್ಸಾದವರಿಗೆ ಅದು ಬೇಡ ಎನ್ನುತ್ತಾರೆ. ಹಳೆಯ ಚೀಟಿ ಹಿಡಿದು ವರ್ಷಗಟ್ಟಲೆ ಅದನ್ನೇ ತರಿಸಿಕೊಳ್ಳುವ ಅಜ್ಜಂದಿರು ಈಗಲೂ ಇದ್ದಾರೆ.

ಸಕ್ಕರೆ ನೀರು ಯಾಕೆ ಸೋತಿತು

ಎರಡು ಲೋಟ ಸಕ್ಕರೆ ನೀರು ಕುಡಿದರೂ ದೊಡ್ಡಮ್ಮನ ಶುಗರ್ ಯಾಕೆ ಸರಿಯಾಗಿ ಏರಲಿಲ್ಲ? ಅಣ್ಣ ಜೇಬಿನಲ್ಲಿ ಹಾಕಿಕೊಂಡು ಹೋಗಿದ್ದ ಸ್ಟ್ರಿಪ್ಪಿನ ಬೆನ್ನ ಮೇಲೆ ಅದಕ್ಕೆ ಉತ್ತರವಿತ್ತು. ಅದು ಒಂದೇ ಮಾತ್ರೆ, ಒಳಗೆ ಮೂರು ಔಷಧಿ: ಗ್ಲಿಮಿಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್. ಮೂರನೆಯದು ಜಪಾನಿನಲ್ಲಿ ಹುಟ್ಟಿದ್ದು. ಅನ್ನವನ್ನೇ ನೆಚ್ಚಿದ ನಾಡುಗಳಿಗೆ ಹೇಳಿಮಾಡಿಸಿದಂತಿದೆ. ಪಿಷ್ಟವನ್ನೂ ಸಕ್ಕರೆಯನ್ನೂ ಒಡೆದು ಗ್ಲೂಕೋಸ್ ಮಾಡುವ ಕರುಳಿನ ಕಿಣ್ವಗಳನ್ನು ಅದು ತಡೆದು ನಿಲ್ಲಿಸುತ್ತದೆ; ಊಟವಾದ ಮೇಲೆ ಸಕ್ಕರೆ ದಢಕ್ಕನೆ ಏರುವುದಿಲ್ಲ. ಆದರೆ ಆಪತ್ಕಾಲದಲ್ಲಿ ಕುಡಿಸಿದ ಸಕ್ಕರೆಯನ್ನೂ ಬೆಲ್ಲದ ಪಾನಕವನ್ನೂ ಅದು ಅದೇ ಬಾಗಿಲಲ್ಲಿ ತಡೆಯುತ್ತದೆ. ಗ್ಲೂಕೋಸ್ ಪುಡಿಗೆ ಒಡೆಯುವ ಕೆಲಸವೇ ಇಲ್ಲ, ನೇರ ರಕ್ತಕ್ಕೆ. ಅದಿಲ್ಲದಿದ್ದರೆ ಜೇನುತುಪ್ಪವೂ ನಡೆಯುತ್ತದೆ, ಅದರಲ್ಲಿ ಬಿಡಿ ಗ್ಲೂಕೋಸ್ ಇರುತ್ತದೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವ ಮಾತ್ರೆ ನುಂಗುವ ಪ್ರತಿ ಮನೆಯಲ್ಲೂ ಒಂದು ಗ್ಲೂಕೋಸ್ ಡಬ್ಬ ಇರಲೇಬೇಕು. ಇದನ್ನು ಅಂಗಡಿಯವರಾಗಲಿ ಆಸ್ಪತ್ರೆಯವರಾಗಲಿ ನಮ್ಮ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮೂರು ಔಷಧಿಯ ಮಾತ್ರೆಯಿಂದ ಅನುಕೂಲವಿಲ್ಲವೆಂದಲ್ಲ. ಹತ್ತು ಮಾತ್ರೆ ನುಂಗುವ ಮುದುಕರಿಗೆ ಎರಡು ಕಡಿಮೆಯಾದರೂ ಪುಣ್ಯ, ಖರ್ಚೂ ಕಡಿಮೆ. ಆದರೆ ಒಂದರಲ್ಲಿ ಮೂರನ್ನು ಬೆಸೆದ ಮೇಲೆ ಒಂದನ್ನು ಬಿಡಿಸುವ ಹಾಗಿಲ್ಲ. ಇವತ್ತು ತಿಂಡಿ ಇಲ್ಲ, ತಿವಿಯುವ ಮಾತ್ರೆ ಬೇಡ, ಉಳಿದೆರಡು ಇರಲಿ ಎನ್ನಲು ಬರುವುದಿಲ್ಲ. ಇಂಥ ಬೆಸುಗೆಗಳ ವಿಷಯದಲ್ಲಿ ನಮ್ಮ ದೇಶದ ಉತ್ಸಾಹ ಸ್ವಲ್ಪ ಅತಿಯೇ. 2018ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಂದೇ ಏಟಿಗೆ 328 ಮಿಶ್ರ ಔಷಧಿಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯ ಮಿಶ್ರಣಗಳೂ ಇದ್ದವು.

ಹೆಸರಿನ ಬಾಲ ನೋಡುವುದನ್ನು ಕಲಿಯಬೇಕು. ಒಂದೇ ಬ್ರ್ಯಾಂಡಿನ ಹೆಸರಿನ ಮುಂದೆ ಎಂ, ಎಂ1, ಎಂ2, ಎಂವಿ, ಜಿ, ಎಸ್‌ಆರ್, ಫೋರ್ಟ್ ಎಂಬ ತೋಕೆಗಳು ಅಂಟಿಕೊಂಡಿರುತ್ತವೆ. ಅಂಗಡಿಯಲ್ಲಿ ‘ಅದೇ ಮಾತ್ರೆ ಕೊಡಿ’ ಎಂದು ಮೊದಲರ್ಧ ಮಾತ್ರ ಹೇಳಿದರೆ ಬರಿಯ ಮೆಟ್‌ಫಾರ್ಮಿನ್ ತಿನ್ನಬೇಕಾದವರಿಗೆ ಗ್ಲಿಮಿಪಿರೈಡ್ ಬೆರೆತದ್ದು ಸಿಗಬಹುದು. 1 ಮಿಲಿಗ್ರಾಂ ಬದಲು 2 ಸಿಗಬಹುದು. ಬಾಲ ಒಂದು ಅಕ್ಷರದ್ದು, ಒಳಗಿನ ವ್ಯತ್ಯಾಸ ದುಪ್ಪಟ್ಟು. ಇನ್ನೊಂದು ಗುಂಡಿ ಇದೆ. ಕಾಲು ನೋವಿಗೋ ಕಣ್ಣಿನ ಆಪರೇಷನ್ನಿಗೋ ಬೇರೆ ಊರಿನ ಆಸ್ಪತ್ರೆ ಸೇರುತ್ತಾರೆ. ಬಿಡುಗಡೆಯಾಗುವಾಗ ಅಲ್ಲಿಯವರು ಅದೇ ಔಷಧಿಯನ್ನು ಬೇರೆ ಹೆಸರಿನಲ್ಲಿ ಬರೆದುಕೊಡುತ್ತಾರೆ. ಮನೆಗೆ ಬಂದವರು ಹೊಸದನ್ನೂ ನುಂಗುತ್ತಾರೆ, ಹಳೆಯದನ್ನೂ ಬಿಡುವುದಿಲ್ಲ. ಬಣ್ಣ ಬೇರೆ, ಆಕಾರ ಬೇರೆ, ಒಳಗಿರುವುದು ಅದೇ. ಜನೌಷಧಿ ಕೇಂದ್ರದ ಅಗ್ಗದ ಮಾತ್ರೆಗೆ ಬದಲಾಯಿಸಿಕೊಂಡವರೂ ಹೀಗೆ ಎಡವುತ್ತಾರೆ. ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರೇ ನಿಜವಾದ ಹೆಸರು. ಅದು ನಮ್ಮ ಅಜ್ಜಿಯರು ಓದಬಲ್ಲ ಲಿಪಿಯಲ್ಲಿಲ್ಲ ಎನ್ನುವುದು ಬೇರೆಯೇ ದೂರು.

ಮೆಟ್‌ಫಾರ್ಮಿನ್: ಸಾಧು, ಆದರೆ

ಸಾಮಾನ್ಯವಾಗಿ ಚೀಟಿಯ ಮೊದಲ ಸಾಲಿನಲ್ಲಿ ಇರುವುದು ಮೆಟ್‌ಫಾರ್ಮಿನ್. ಯುರೋಪಿನ ಒಂದು ನೀಲಿ ಹೂವಿನ ಗಿಡದ ರಾಸಾಯನಿಕದ ಜಾಡು ಹಿಡಿದು ಬಂದದ್ದು ಇದು. 1957ರಲ್ಲಿ ಪ್ಯಾರಿಸ್ಸಿನ ಜಾನ್ ಸ್ಟೆರ್ನ್ ಮನುಷ್ಯರ ಮೇಲೆ ಇದರ ಪರಿಣಾಮವನ್ನು ವರದಿ ಮಾಡಿದರು. ಯಕೃತ್ತು ಸುರಿಯುವ ಸಕ್ಕರೆಯನ್ನು ತಗ್ಗಿಸುತ್ತದೆ, ಇರುವ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವಂತೆ ನೋಡಿಕೊಳ್ಳುತ್ತದೆ. ಗ್ರಂಥಿಯನ್ನು ತಿವಿಯುವುದಿಲ್ಲ. ಹಾಗಾಗಿ ಒಂಟಿಯಾಗಿ ತೆಗೆದುಕೊಂಡರೆ ಸಕ್ಕರೆ ತೀರಾ ಕುಸಿಯುವುದು ಅಪರೂಪ. ಇದರ ತಕರಾರು ಹೊಟ್ಟೆಯದು: ವಾಕರಿಕೆ, ಉಬ್ಬರ, ಭೇದಿ. ಊಟದ ನಡುವೆಯೋ ಊಟವಾದ ತಕ್ಷಣವೋ ನುಂಗಿದರೆ, ಸಣ್ಣ ಡೋಸಿನಿಂದ ಶುರುಮಾಡಿ ವಾರ ವಾರಕ್ಕೆ ಏರಿಸಿದರೆ ಬಹಳ ಮಂದಿಗೆ ಒಗ್ಗಿಕೊಳ್ಳುತ್ತದೆ. ಮೂರು ದಿನ ಹೊಟ್ಟೆ ಕೆಟ್ಟಿತೆಂದು ತಾವೇ ನಿಲ್ಲಿಸಿ, ವೈದ್ಯರ ಮುಂದೆ ‘ತಗೋತಾ ಇದೀನಿ’ ಎನ್ನುವವರೇ ಹೆಚ್ಚು. ಆಗ ವೈದ್ಯರು ಇದು ಸಾಲದೆಂದು ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಸುಳ್ಳಿಗೆ ಬೆಲೆ ತೆರುವುದು ಹೀಗೆ.

ಎಸ್‌ಆರ್, ಎಕ್ಸ್‌ಆರ್ ಎಂದು ಬರೆದದ್ದು ನಿಧಾನವಾಗಿ ಕರಗಲೆಂದೇ ಕಟ್ಟಿದ ಮಾತ್ರೆ. ದಪ್ಪಗಿದೆ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ಅಜ್ಜಿಯರು ಅದನ್ನು ಎಲೆಯಡಿಕೆ ಕುಟ್ಟಾಣಿಯಲ್ಲಿ ಹಾಕಿ ಪುಡಿಮಾಡಿಕೊಳ್ಳುವುದನ್ನು ನಾನೇ ಕಂಡಿದ್ದೇನೆ. ದಿನಪೂರ್ತಿಗೆ ಹಂಚಬೇಕಾದ್ದು ಆಗ ಒಮ್ಮೆಲೇ ಬಿಡುಗಡೆಯಾಗುತ್ತದೆ. ನುಂಗಲಾಗದಿದ್ದರೆ ಬೇರೆ ರೂಪದ ಮಾತ್ರೆ ಕೇಳಬೇಕು, ಕುಟ್ಟಬಾರದು. ಇದೇ ಮಾತ್ರೆಯ ಚಿಪ್ಪು ಕೆಲವೊಮ್ಮೆ ಇಡಿಯಾಗಿ ಮಲದಲ್ಲಿ ಕಾಣಿಸಿಕೊಳ್ಳುತ್ತದೆ. ಔಷಧಿ ಮೈಗೆ ಹತ್ತಲಿಲ್ಲವೆಂದು ಗಾಬರಿಯಾಗಿ ಇನ್ನೊಂದು ನುಂಗಬೇಕಿಲ್ಲ; ಒಳಗಿನ ಸರಕು ಖಾಲಿಯಾಗಿ ಬರಿಯ ಕೋಶ ಹೊರಬಂದಿರುತ್ತದೆ.

ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿಂದವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು. ಮೊಟ್ಟೆ, ಮಾಂಸ ಮುಟ್ಟದ ಮನೆಗಳಲ್ಲಿ ಅದು ಮೊದಲೇ ಅಷ್ಟಕ್ಕಷ್ಟೆ. ಪಾದ ಜುಮುಜುಮು ಎಂದರೆ ‘ಶುಗರ್ ನರಕ್ಕೆ ಹೋಗಿದೆ’ ಎಂದು ಕೈಚೆಲ್ಲುವ ಮುಂಚೆ ಒಂದು ಬಿ12 ಪರೀಕ್ಷೆ ಮಾಡಿಸಿ ನೋಡುವುದು ಒಳ್ಳೆಯದು. ಕೊರತೆಯಿಂದ ಆಗಿದ್ದರೆ ಅದನ್ನು ತುಂಬಿಕೊಡಬಹುದು.

ಮೂತ್ರಪಿಂಡದ ಲೆಕ್ಕ ಮಾತ್ರ ನಿಷ್ಠುರ. ಅದರ ಸೋಸುವ ಶಕ್ತಿಯನ್ನು ಲ್ಯಾಬಿನವರು ಇಜಿಎಫ್‌ಆರ್ ಎಂದು ಬರೆಯುತ್ತಾರೆ. 45ಕ್ಕಿಂತ ಕೆಳಗಿದ್ದರೆ ಮೆಟ್‌ಫಾರ್ಮಿನ್ ಡೋಸನ್ನು ಮರುಚಿಂತಿಸಬೇಕು, 30ಕ್ಕಿಂತ ಕೆಳಗಿದ್ದರೆ ನಿಲ್ಲಿಸಬೇಕು. ಇದರ ಬಂಧು ಫೆನ್‌ಫಾರ್ಮಿನ್ ಎಂಬ ಮಾತ್ರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿಸಿ ಜೀವ ತೆಗೆಯುತ್ತಿದ್ದುದರಿಂದ 1970ರ ದಶಕದಲ್ಲಿ ಅಮೆರಿಕದ ಮಾರುಕಟ್ಟೆಯಿಂದಲೇ ಹೊರಬಿತ್ತು. ಮೆಟ್‌ಫಾರ್ಮಿನ್‌ನಲ್ಲಿ ಆ ಅಪಾಯ ತೀರಾ ಕಡಿಮೆ, ಆದರೆ ಕೆಟ್ಟ ಮೂತ್ರಪಿಂಡ, ವಿಪರೀತ ಮದ್ಯ, ವಾಂತಿಭೇದಿ ಸೇರಿಕೊಂಡಾಗ ಅದು ತಲೆ ಎತ್ತುತ್ತದೆ. ಮಂಡಿನೋವಿಗೆಂದು ದಿನಾ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳು ಈ ಮೂತ್ರಪಿಂಡವನ್ನೇ ಕೊರೆಯುವುದು. ಸ್ಕ್ಯಾನ್‌ಗೆ ಮುಂಚೆ ರಕ್ತನಾಳಕ್ಕೆ ಔಷಧಿ ಚುಚ್ಚುತ್ತಾರೆಂದರೆ, ಮೆಟ್‌ಫಾರ್ಮಿನ್ ತಿನ್ನುತ್ತಿರುವುದನ್ನು ಅಲ್ಲಿಯವರಿಗೆ ಬಾಯಿಬಿಟ್ಟು ಹೇಳಬೇಕು.

ಮೀಟರ್ ಸರಿ, ಮನುಷ್ಯ ಸರಿಯಿಲ್ಲ

ಶುಗರ್ ಮಾತ್ರೆಗಳ ಇನ್ನೊಂದು ಗುಂಪಾದ ಗ್ಲಿಪ್ಟಿನ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಟಗ್ಲಿಪ್ಟಿನ್, ವಿಲ್ಡಗ್ಲಿಪ್ಟಿನ್ ಸೌಮ್ಯ ಸ್ವಭಾವದವು. ಮೂತ್ರಪಿಂಡ ಸೋತಿದ್ದರೆ ಡೋಸು ಇಳಿಸಬೇಕು, ಬೆನ್ನಿಗೆ ಹಾಯುವ ಬಿಡದ ಹೊಟ್ಟೆನೋವು ಬಂದರೆ ತಡಮಾಡಬಾರದು, ಅಷ್ಟು ಸಾಕು. ಪಯೋಗ್ಲಿಟಜೋನ್ ಮೈಯಲ್ಲಿ ನೀರು ನಿಲ್ಲಿಸುತ್ತದೆ. ಕಾಲು ಊದಿಕೊಂಡರೆ, ನಡೆಯುವಾಗ ಮೇಲುಸಿರು ಬಂದರೆ ಅದನ್ನು ವಯಸ್ಸಿನ ತಲೆಗೆ ಕಟ್ಟಬಾರದು. 2013ರಲ್ಲಿ ನಮ್ಮ ಸರ್ಕಾರ ಇದನ್ನು ನಿಷೇಧಿಸಿ, ಕೆಲವೇ ವಾರಗಳಲ್ಲಿ ಎಚ್ಚರಿಕೆಯ ಚೀಟಿ ಹಚ್ಚಿ ಮತ್ತೆ ಒಳಗೆ ಬಿಟ್ಟುಕೊಂಡಿತು. ಮಾತ್ರೆಯ ರೂಪದ ಸೆಮಾಗ್ಲುಟೈಡ್ ಬಂದಿದೆ. ಅದಕ್ಕೆ ಬರಿ ಹೊಟ್ಟೆ ಬೇಕು, ಅರ್ಧ ಲೋಟಕ್ಕಿಂತ ಹೆಚ್ಚು ನೀರು ಕೂಡದು, ಮುಂದಿನ ಅರ್ಧ ಗಂಟೆ ಕಾಫಿಯೂ ಇಲ್ಲ. ಹಾಸನ, ಚಿಕ್ಕಮಗಳೂರಿನವರಿಗೆ ಇದಕ್ಕಿಂತ ಕಠಿಣ ವ್ರತ ಇನ್ನೊಂದಿಲ್ಲ.

ನಿಂತು ನೋಡಬೇಕಾದ್ದು ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪನ್ನು. 2020ರ ಅಕ್ಟೋಬರ್‌ನಲ್ಲಿ ಡಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಭಾರತದಲ್ಲಿ ಮುಗಿದದ್ದೇ ತಡ, ಹತ್ತಾರು ಕಂಪನಿಗಳು ತಯಾರಿಕೆಗೆ ಇಳಿದು ಬೆಲೆ ನೆಲಕ್ಕಿಳಿಯಿತು. ಅದು ಸಣ್ಣ ಊರುಗಳ ಚೀಟಿಗೂ ಬಂತು. ಹೃದಯ, ಮೂತ್ರಪಿಂಡ ಎರಡಕ್ಕೂ ಒಳ್ಳೆಯದು ಮಾಡುವ ಔಷಧಿ ಇದು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದು ಇದರ ದಾರಿ. ಹಾಗಾಗಿ ಜನನಾಂಗದಲ್ಲಿ ತುರಿಕೆ, ಫಂಗಸ್ ಸೋಂಕು ಬರುವುದುಂಟು. ನಮ್ಮ ಹೆಂಗಸರು ಇದನ್ನು ಮಗನ ಎದುರು, ಗಂಡು ಡಾಕ್ಟರ ಎದುರು ಹೇಳುವುದಿಲ್ಲ. ತಿಂಗಳುಗಟ್ಟಲೆ ಸಹಿಸಿ ಕೊನೆಗೆ ಮಾತ್ರೆಯನ್ನೇ ಬಚ್ಚಿಡುತ್ತಾರೆ. ಸೊಸೆಗಾದರೂ ಹೇಳಿ, ನರ್ಸಮ್ಮನಿಗಾದರೂ ಹೇಳಿ. ಸ್ವಚ್ಛತೆ ಮತ್ತು ಒಂದು ಮುಲಾಮಿನಿಂದ ವಾಸಿಯಾಗುವ ಸಂಗತಿ ಅದು.

ಇನ್ನೊಂದು ಅಪಾಯ ಅಪರೂಪದ್ದು, ಆದರೆ ಮೋಸದ್ದು. ಜ್ವರ, ವಾಂತಿ, ದೀರ್ಘ ಉಪವಾಸ ಅಥವಾ ಆಪರೇಷನ್ ಸಮಯದಲ್ಲಿ ಈ ಮಾತ್ರೆ ಮುಂದುವರಿಸಿದರೆ ದೇಹ ಕೊಬ್ಬನ್ನು ಸುಟ್ಟು ರಕ್ತ ಆಮ್ಲವಾಗಬಹುದು. ವಾಕರಿಕೆ, ಹೊಟ್ಟೆನೋವು, ಏದುಸಿರು. ಮೀಟರ್ ನೋಡಿದರೆ 160, 180. ಶುಗರ್ ಸರಿಯಿದೆಯಲ್ಲ, ಗ್ಯಾಸ್ಟ್ರಿಕ್ ಇರಬೇಕು ಎಂದು ಮಲಗಿಸುತ್ತಾರೆ. ಮೀಟರ್ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಕೀಟೋನ್ ಪರೀಕ್ಷೆ ಆಗಬೇಕು. ದೊಡ್ಡ ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮುಂಚೆ ಇದನ್ನು ನಿಲ್ಲಿಸಲು ವೈದ್ಯರು ಹೇಳುವುದು ಇದಕ್ಕೇ.

ವಾಂತಿಭೇದಿ ಹತ್ತಿಕೊಂಡ ದಿನ ಡಪಾಗ್ಲಿಫ್ಲೋಜಿನ್, ಮೆಟ್‌ಫಾರ್ಮಿನ್ ಎರಡಕ್ಕೂ ಸಾಮಾನ್ಯವಾಗಿ ಬಿಡುವು ಕೊಡಿಸುತ್ತಾರೆ. ಊಟ ಹಿಡಿಸತೊಡಗಿದ ಮೇಲೆ ಮತ್ತೆ ಶುರು. ಹಾಗೆಂದು ಜ್ವರ ಬಂದ ಕೂಡಲೇ ಎಲ್ಲವನ್ನೂ ನಿಲ್ಲಿಸುವುದು ತಪ್ಪು. ಕಾಯಿಲೆಯಲ್ಲಿ ಸಕ್ಕರೆ ಏರುವುದೇ ಹೆಚ್ಚು. ನನ್ನ ಚೀಟಿಯಲ್ಲಿ ಯಾವುದನ್ನು ಯಾವಾಗ ನಿಲ್ಲಿಸಬೇಕು ಎಂದು ಆರೋಗ್ಯ ಚೆನ್ನಾಗಿದ್ದಾಗಲೇ ವೈದ್ಯರಿಂದ ಬರೆಸಿಟ್ಟುಕೊಳ್ಳುವುದು ಜಾಣತನ. ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಿ ಸರಿದೂಗಿಸುವ ಲೆಕ್ಕಾಚಾರವೂ ಬೇಡ.

ಉಪವಾಸದ ದಿನದ ಮಾತ್ರೆಯ ವಿಷಯದಲ್ಲಿ ಮುಸ್ಲಿಂ ಸಮಾಜದ ಅರಿವು ನಮಗಿಂತ ಹೆಚ್ಚು ವ್ಯವಸ್ಥಿತವಾಗಿದೆ. ರಂಜಾನ್‌ಗೆಂದೇ ಅಂತರರಾಷ್ಟ್ರೀಯ ಮಾರ್ಗಸೂಚಿಗಳಿವೆ: ಆರೆಂಟು ವಾರ ಮುಂಚೆಯೇ ವೈದ್ಯರನ್ನು ಕಾಣುವುದು, ಗ್ಲಿಮಿಪಿರೈಡನ್ನು ಬೆಳಗಿನಿಂದ ಇಫ್ತಾರ್ ಹೊತ್ತಿಗೆ ಸರಿಸುವುದು, ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ರೋಜಾ ಮುರಿಯುವುದು. ಬೆರಳು ಚುಚ್ಚಿ ರಕ್ತ ನೋಡಿದರೆ ರೋಜಾ ಮುರಿಯುವುದಿಲ್ಲವೆಂದೂ ಅವುಗಳಲ್ಲಿ ಬರೆದಿದ್ದಾರೆ. ಏಕಾದಶಿ, ಸಂಕಷ್ಟಿ, ಶಿವರಾತ್ರಿಗಳಿಗೆ ಅಷ್ಟು ಯೋಚಿಸಿದವರನ್ನು ನಾನು ಕಂಡಿಲ್ಲ. ಒಂದೇ ದಿನ ತಾನೇ ಎಂಬ ಉಡಾಫೆ.

ಸೊಪ್ಪು, ಕಷಾಯಗಳ ವಿಷಯಕ್ಕೆ ಬಂದರೆ ನನಗೆ ಹಾಗಲಕಾಯಿ ಪಲ್ಯದ ಮೇಲೆ ಸಿಟ್ಟಿಲ್ಲ. ಹಿತ್ತಲ ಇನ್ಸುಲಿನ್ ಗಿಡದ ಎಲೆ, ಮೆಂತ್ಯದ ನೀರು, ಮಧುನಾಶಿನಿಯನ್ನು ಮಾತ್ರೆಯ ಜೊತೆ ಸೇರಿಸುವವರು ಅದನ್ನು ವೈದ್ಯರಿಗೆ ಹೇಳಬೇಕು, ಅಷ್ಟೇ. ಎರಡೂ ಕೂಡಿ ಸಕ್ಕರೆ ಇಳಿಸಿದರೆ ಲೆಕ್ಕ ತಪ್ಪುತ್ತದೆ. ಹೆದರಬೇಕಾದ್ದು ಹೆಸರಿಲ್ಲದ, ವಿಳಾಸವಿಲ್ಲದ ಪುಡಿಪೊಟ್ಟಣಗಳಿಗೆ. ‘ಗಿಡಮೂಲಿಕೆ’ ಎಂದು ಮಾರುವ ಇಂಥ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಯನ್ನೇ ಅರೆದು ಬೆರೆಸಿರುವುದು ಹಲವು ದೇಶಗಳ ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ. ಎರಡೇ ದಿನಕ್ಕೆ ಸಕ್ಕರೆ ಜರ್ರನೆ ಇಳಿಸಿದ ಪುಡಿಯನ್ನು ಹೊಗಳುವ ಮುಂಚೆ ಅನುಮಾನಿಸಬೇಕು. ಇಂಗ್ಲಿಷ್ ಔಷಧಿಯಲ್ಲೂ ಜೋಡಿ ನೋಡಬೇಕು. ಫಂಗಸ್ಸಿಗೆ ಕೊಡುವ ಫ್ಲೂಕೊನಜೋಲ್, ಮೂತ್ರದ ಸೋಂಕಿಗೆ ಕೊಡುವ ಕೋಟ್ರೈಮೊಕ್ಸಜೋಲ್, ಸಿಪ್ರೊಫ್ಲಾಕ್ಸಸಿನ್ ಇವು ಗ್ಲಿಮಿಪಿರೈಡ್ ಜೊತೆ ಸೇರಿದರೆ ಸಕ್ಕರೆ ಕುಸಿಯಬಹುದು. ಸ್ಟೆರಾಯ್ಡ್ ಮಾತ್ರೆ ಏರಿಸುತ್ತದೆ.

ಇಷ್ಟೆಲ್ಲ ಓದಿ ಮಾತ್ರೆಯನ್ನೇ ಕಿಟಕಿಯಾಚೆ ಎಸೆಯುವವರು ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ ನೆನೆಯಬೇಕು. ಇಪ್ಪತ್ತು ವರ್ಷ ನಡೆದು 1998ರಲ್ಲಿ ಪ್ರಕಟವಾದ ಅದು, ಸಕ್ಕರೆಯನ್ನು ಹಿಡಿತದಲ್ಲಿಟ್ಟರೆ ಕಣ್ಣು, ಮೂತ್ರಪಿಂಡಗಳ ಹಾನಿ ಕಡಿಮೆಯಾಗುತ್ತದೆಂದು ತೋರಿಸಿತು. ಅದರ ಬೆನ್ನಿಗೇ ಅಮೆರಿಕದ ಅಕಾರ್ಡ್ ಅಧ್ಯಯನವೂ ಇದೆ. ಹೃದಯಾಘಾತದ ಅಪಾಯ ಹೆಚ್ಚಿದ್ದವರಲ್ಲಿ, ಸರಾಸರಿ ಸಕ್ಕರೆಯ ಅಳತೆಯಾದ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗೆ ಇಳಿಸಲೇಬೇಕೆಂದು ಹೊರಟ ಗುಂಪಿನಲ್ಲಿ ಸಾವು ಹೆಚ್ಚಾಗಿ, 2008ರಲ್ಲಿ ಆ ಭಾಗವನ್ನು ನಡುವೆಯೇ ನಿಲ್ಲಿಸಿದರು. ಎಂಬತ್ತರ ಅಜ್ಜನ ಎಚ್‌ಬಿಎ1ಸಿ 6 ಬಂತೆಂದು ಮೊಮ್ಮಗ ಸ್ಟೇಟಸ್ ಹಾಕುವುದು ನನಗೆ ಅಷ್ಟು ಖುಷಿ ಕೊಡುವುದಿಲ್ಲ. ಮುಪ್ಪಿನಲ್ಲಿ, ಹಲವು ಕಾಯಿಲೆಗಳ ನಡುವೆ, 8ರ ಆಸುಪಾಸಿಗೂ ವೈದ್ಯರು ಒಪ್ಪುತ್ತಾರೆ. ಬಿದ್ದು ಸೊಂಟ ಮುರಿಯದಿರುವುದೂ ಚಿಕಿತ್ಸೆಯ ಗುರಿಯೇ.

ದೊಡ್ಡಮ್ಮನ ಚೀಟಿ ಬದಲಾಗಿದೆ. ವೈದ್ಯರು ಮೂರು ಬೆಸೆದ ಮಾತ್ರೆಯನ್ನು ಬಿಡಿಸಿ ಬೇರೆ ಬೇರೆ ಬರೆದರು. ಗ್ಲಿಮಿಪಿರೈಡ್ ಡೋಸು ಅರ್ಧಕ್ಕಿಳಿಯಿತು. ತಿಂಡಿ ಇಲ್ಲದ ದಿನ ಅದು ಇಲ್ಲ. ರಾತ್ರಿ ಉಪ್ಪಿಟ್ಟಿನ ಜೊತೆ ಮೆಟ್‌ಫಾರ್ಮಿನ್ ಮಾತ್ರ. ‘ನನ್ನ ಜೊತೆ ಅದಕ್ಕೂ ಏಕಾದಶಿ ಮಾಡಿಸ್ತಾ ಇದೀನಿ ಕಣೋ’ ಎಂದರು ಮೊನ್ನೆ ಫೋನಿನಲ್ಲಿ.

ಕಳೆದ ತಿಂಗಳು ಹೋದಾಗ ಅವರ ಮಾತ್ರೆಯ ಸ್ಟೀಲ್ ಡಬ್ಬಿ ತೆಗೆದು ಕೂತೆ. ಒಂದೊಂದೇ ಸ್ಟ್ರಿಪ್ಪನ್ನು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿದೆ. ಒಂದರಲ್ಲಿ ನಾಲ್ಕೇ ಮಾತ್ರೆ. ಅವಧಿ ಮುಗಿಯುವ ತಾರೀಖು ಅಚ್ಚಾಗಿರುವ ತುದಿಯನ್ನು ಯಾರಿಗೋ ಕತ್ತರಿಸಿ ಕೊಟ್ಟಾಗಿತ್ತು, ಇವರ ಪಾಲಿಗೆ ಬಂದದ್ದು ಬಾಲವಿಲ್ಲದ ತುಂಡು. ದೊಡ್ಡಮ್ಮ ಚಪ್ಪಲಿ ಮೆಟ್ಟಿ ನನ್ನನ್ನೂ ಕರೆದುಕೊಂಡು ಬಸ್‌ಸ್ಟ್ಯಾಂಡಿನ ಮೆಡಿಕಲ್ಸಿಗೆ ನಡೆದರು. ಹುಡುಗ ಕತ್ತರಿ ಕೈಯಲ್ಲೇ ಹಿಡಿದು ‘ಎಲ್ಲರಿಗೂ ಹಿಂಗೇ ಕೊಡೋದು ಅಜ್ಜಿ’ ಎಂದ. ‘ಡೇಟು ಇರೋ ಕಡೆ ನನಗೆ ಕೊಡು, ಇಲ್ಲದ ಕಡೆ ನೀನು ಇಟ್ಕೊ’ ಎಂದರು ದೊಡ್ಡಮ್ಮ. ಅವನು ಸ್ವಲ್ಪ ಹೊತ್ತು ನೋಡಿ, ಒಳಗಿನಿಂದ ಹೊಸ ಸ್ಟ್ರಿಪ್ ತಂದು ಇಡಿಯಾಗಿ ಮುಂದಿಟ್ಟ.